ಹೊತ್ತು ಮುಳುಗುವ ಮುಂಚಿನ ಡಬ್ಬಿ

ಮನೆಗೆ ಅಕ್ಕಿ, ಬೇಳೆ, ಎಣ್ಣೆ ಹೊರಗಿನಿಂದ ಬರುವ ಹಾಗೆ ಮಾತೂ ಹೊರಗಿನಿಂದಲೇ ಬರಬೇಕು. ಗಂಡ ಹೆಂಡತಿ ಇಬ್ಬರೇ ಕೂತು ಮನೆಯಲ್ಲೇ ಮಾತು ಬೆಳೆದುಕೊಳ್ಳುತ್ತಾರೆ ಎನ್ನುವವರು ಮದುವೆಯಾಗಿ ಇನ್ನೂ ಒಂದು ದೀಪಾವಳಿ ಕಂಡಿರದವರು. ನಮ್ಮಿಬ್ಬರಲ್ಲಿದ್ದ ಸ್ವಂತ ಮಾತೆಲ್ಲ ಮಗಳು ಹುಟ್ಟುವುದರೊಳಗೇ ತೀರಿತ್ತು. ಆಮೇಲೆ ನಮ್ಮ ಮನೆಗೆ ಮಾತು ಬರುತ್ತಿದ್ದದ್ದು ಸಾಂಗಲಿ ಪಕ್ಕದ ಕುಪವಾಡದಲ್ಲಿ ನಮ್ಮ ಮನೆಯವರು ದುಡಿಯುವ ಕಾರಖಾನೆಯಿಂದ, ಒದಗಿಸುತ್ತಿದ್ದವನು ದಸ್ತಗೀರ. ನಾನು ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಎಂದು ಒಪ್ಪಿಕೊಳ್ಳಲು ಹೊರಟಿದ್ದೇನೆ. ಅದಕ್ಕೂ ಮೊದಲು ನನ್ನ ಕಡೆಯ ನ್ಯಾಯವನ್ನೂ ನೀವು ಕೇಳಬೇಕು.

ದಸ್ತಗೀರ ಮಾಲಗಾಂವದವನು. ಊರೆಲ್ಲ ಮರಾಠಿಯಲ್ಲಿ ವ್ಯವಹರಿಸುವಾಗಲೂ ಕನ್ನಡವನ್ನು ನಮಗಿಂತ ಚೆನ್ನಾಗಿ ಆಡುವವನು. ನಮ್ಮ ಮನೆಯವರೂ ಅವನೂ ಹದಿನೇಳು ವರ್ಷ ಒಂದೇ ಮೇಜಿನ ಎರಡು ಬದಿಗೆ ನಿಂತು ಗಾಡಿಯ ಬಿಡಿಭಾಗಗಳಿಗೆ ವೆಲ್ಡಿಂಗ್ ಮಾಡಿದವರು. ಇವರು ತುಂಡುಗಳನ್ನು ಜೋಡಿಸಿ ಕ್ಲ್ಯಾಂಪು ಬಿಗಿಯುವುದು, ಅವನು ಬೆಸೆಯುವುದು. ಅವನ ಕೈಯ ಬೆಸುಗೆ ಹೊಸ ಸೀರೆಯ ಅಂಚಿನ ಹಾಗೆ ನೆಟ್ಟಗಿರುತ್ತದೆ ಎಂದು ಇವರು ಹೇಳುತ್ತಿದ್ದರು. ನನ್ನ ಹೊಲಿಗೆಯ ಬಗ್ಗೆ ಇವರು ಅಂಥ ಮಾತು ಯಾವತ್ತೂ ಆಡಿದವರಲ್ಲ, ಇರಲಿ. ಆದರೆ ದಸ್ತಗೀರನ ನಿಜವಾದ ಕಸುಬು ಸುದ್ದಿ ಹೇಳುವುದು. ಅವನ ಅತ್ತೆ ಹೊಸ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಮೊದಲ ದಿನವೇ ಕಬ್ಬು ಕಚ್ಚಲು ಹೋಗಿದ್ದು, ಅವನ ಎಮ್ಮೆ ದಿನಾ ಸರಿಯಾಗಿ ಸಾಹೇಬರ ಕಾರಿನ ಮುಂದೆಯೇ ಹೋಗಿ ನಿಲ್ಲುತ್ತಿದ್ದದ್ದು, ಇವೆಲ್ಲ ನಮ್ಮ ಮನೆಗೆ ಬಿಸಿಬಿಸಿಯಾಗಿ ಬರುತ್ತಿದ್ದವು. ಆ ಅತ್ತೆಯನ್ನು ನಾನು ನೋಡಿಲ್ಲ. ಆದರೂ ಆಕೆಯ ಮೊಣಕಾಲು ನೋವಿಗೆ ಇಲ್ಲಿಂದ ಎಣ್ಣೆ ಕಾಯಿಸಿ ಕಳಿಸಿದ್ದೇನೆ.

ಇನ್ನೊಂದು ವಿಷಯಕ್ಕೂ ದಸ್ತಗೀರ ಬೇಕಾಗಿದ್ದ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮ ಮನೆಯವರಂತೂ ಬೆಳಗಾಗುವವರೆಗೆ ನೀರನ್ನೂ ಮುಟ್ಟುವುದಿಲ್ಲ. ಇವರದು ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಪಾಳಿ. ಹಾಗಾಗಿ ಡಬ್ಬಿಯ ಊಟ ಸೂರ್ಯ ಇರುವಾಗಲೇ ಆಗಬೇಕು, ಆದರೆ ಕಾರಖಾನೆಯ ಊಟದ ಗಂಟೆ ಹೊಡೆಯುವುದು ಕತ್ತಲಾದ ಮೇಲೆ. ಹೊತ್ತು ಇಳಿಯುತ್ತಿದ್ದಂತೆ ದಸ್ತಗೀರನೇ ಕಿಟಕಿಯ ಕಡೆ ನೋಡಿ, "ಏ ಅಣ್ಣಾ, ಸೂರ್ಯ ಚಪ್ಪಲಿ ಹಾಕ್ಕೊಂಡಾನ, ಓಡು," ಎಂದು ಇವರನ್ನು ಅಟ್ಟಿ, ಆ ಹದಿನೈದು ನಿಮಿಷ ಎರಡೂ ಕೆಲಸ ತಾನೇ ಮಾಡುತ್ತಿದ್ದ. ರಂಜಾನಿನಲ್ಲಿ ಇದು ತಿರುಗುಮುರುಗು. ಆಗ ಅವನು ಹೊತ್ತು ಮುಳುಗಿದ ಮೇಲೆಯೇ ಖರ್ಜೂರ ಬಾಯಿಗಿಡಬೇಕು. ಇವರು ಮುಂಚೆ ಉಂಡು ಬಂದು ಅವನನ್ನು ಕಳಿಸುತ್ತಿದ್ದರು. ಒಬ್ಬನಿಗೆ ಸೂರ್ಯ ಹೋಗಬಾರದು, ಇನ್ನೊಬ್ಬನಿಗೆ ಹೋಗಲೇಬೇಕು. ಗೋಡೆಗೆ ಮಸೀದಿಯ ವೇಳಾಪಟ್ಟಿಯೂ ಇತ್ತು, ನಮ್ಮ ಬಸದಿಯ ಪಂಚಾಂಗವೂ ಇತ್ತು. ಎರಡರಲ್ಲಿ ಸೂರ್ಯಾಸ್ತಕ್ಕೆ ಎರಡು ನಿಮಿಷದ ವ್ಯತ್ಯಾಸ. ಹದಿನೇಳು ವರ್ಷದಲ್ಲಿ ಅವರಿಬ್ಬರೂ ಜಗಳವಾಡಿದ್ದು ಆ ಎರಡು ನಿಮಿಷಕ್ಕಾಗಿ ಮಾತ್ರ.

ನಾನೂ ಇಲ್ಲಿ ಅದೇ ಹೊತ್ತಿಗೆ ತಟ್ಟೆ ಇಟ್ಟುಕೊಳ್ಳುತ್ತಿದ್ದೆ. ನಮ್ಮದು ಸಾಂಗಲಿಗೂ ಮಿರಜಿಗೂ ನಡುವೆ ಜೋಳದ ಹೊಲ ಅಳೆದು ಮಾಡಿದ ಹೊಸ ಕಾಲೊನಿ. ಸಾಂಗಲಿಯವರು ನಮ್ಮನ್ನು ಮಿರಜಿನವರೆನ್ನುತ್ತಾರೆ, ಮಿರಜಿನವರು ಸಾಂಗಲಿಯವರೆನ್ನುತ್ತಾರೆ. ಎಲ್ಲ ಮನೆಗಳಿಗೂ ಕಬ್ಬಿಣದ ಗೇಟು, ಎಲ್ಲ ಗೇಟುಗಳ ಒಳಗೂ ಕೇಬಲ್ ಟಿವಿ. ಮಗಳು ಮದುವೆಯಾಗಿ ಇಚಲಕರಂಜಿ ಸೇರಿದ ಮೇಲೆ ಮಧ್ಯಾಹ್ನದಿಂದ ನನಗೆ ಮಾತಾಡಲು ಉಳಿದದ್ದು ಕುಕ್ಕರು. ಅದೂ ಮೂರೇ ಸಲ ಕೂಗುವುದು. ಮಲಗುವ ಮುಂಚೆ ಣಮೋಕಾರ ಮಂತ್ರ ಹೇಳಿ, ದೇವರು ಆ ದಿನ ಕೊಟ್ಟ ಮೂರು ಸಣ್ಣ ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಒಂದು. ಮೊಣಕಾಲು ಕಾಡಲಿಲ್ಲ, ಎರಡು. ಮೂರನೆಯದು ಮಾತ್ರ ಯಾವತ್ತೂ ಬದಲಾಗುತ್ತಿರಲಿಲ್ಲ: ಇವತ್ತೂ ಇಬ್ಬರೂ ಒಂದೇ ಹೊತ್ತಿಗೆ ಉಂಡೆವು. ಅವರು ಕುಪವಾಡದಲ್ಲಿ, ನಾನು ಇಲ್ಲಿ. ಆದರೇನು, ಮೇಲಿರುವ ಸೂರ್ಯ ಒಬ್ಬನೇ.

ಹೀಗಿರುವಾಗ ಕಾರಖಾನೆಗೆ ಪುಣೆ ಕಡೆಯ ದೊಡ್ಡ ಆರ್ಡರು ಬಂತು, ಆರ್ಡರಿನ ಹಿಂದೆಯೇ ರೋಬೋಟ್ ಬಂತು. ಬಂದ ದಿನ ಇವರು ಸಣ್ಣ ಹುಡುಗರ ಹಾಗೆ ಕೈ ತಿರುಗಿಸಿ ತೋರಿಸಿದರು. "ತಲಿ ಇಲ್ಲ, ಕಾಲಿಲ್ಲ. ಬರೇ ಒಂದ ಕೈ. ಹಳದಿ ಬಣ್ಣ. ಆ ಕೈ ಹೀಂಗ ಬರತದ, ಹೀಂಗ ತಿರಗತದ, ಚರ್ರಂತ ಬೆಸಗಿ ಹಾಕತದ." ಅದಕ್ಕೆ ಬೆಸುಗೆ ಕಲಿಸಿದವನು ದಸ್ತಗೀರನೇ. ವೆಲ್ಡಿಂಗ್ ಗನ್ನನ್ನು ಯಾವ ಓರೆಯಲ್ಲಿ ಹಿಡಿಯಬೇಕು, ಎಲ್ಲಿ ನಿಧಾನಿಸಬೇಕು ಎಂದು ಅವನು ತೋರಿಸುತ್ತ ಹೋದ. ಇಂಜಿನಿಯರ್ ಸಾಹೇಬರು ಕೈಯಲ್ಲಿ ಹಿಡಿದ ರಿಮೋಟಿನಂಥ ಪೆಟ್ಟಿಗೆಯ ಗುಂಡಿ ಒತ್ತಿ ಒತ್ತಿ ಅದನ್ನು ಯಂತ್ರಕ್ಕೆ ಬಾಯಿಪಾಠ ಮಾಡಿಸಿದರು. ಹದಿನೈದು ದಿನಗಳಲ್ಲಿ ಅದು ಕಲಿತುಬಿಟ್ಟಿತು. ಕಲಿತಾದ ಮೇಲೆ ದಸ್ತಗೀರನನ್ನು ಹಿಂದಿನ ಶೆಡ್ಡಿಗೆ, ಪ್ಯಾಕಿಂಗಿಗೆ ಹಾಕಿದರು. ಇವರನ್ನು ಯಂತ್ರದ ಜೊತೆಗೇ ಉಳಿಸಿಕೊಂಡರು. ತುಂಡು ಜೋಡಿಸಿ ಕೊಡಲು ಅದಕ್ಕೂ ಒಬ್ಬ ಜೊತೆಗಾರ ಬೇಕಲ್ಲ!

ಕೆಲಸಗಾರರು ಆ ಯಂತ್ರಕ್ಕೆ ಪಾವ್ಹಣಾ ಎಂದು ಹೆಸರಿಟ್ಟರು. ಅಂದರೆ ನಮ್ಮ ಕಡೆ ಮನೆಗೆ ಬಂದ ನೆಂಟ. ಹೆಸರು ಸುಮ್ಮನೆ ಇಟ್ಟದ್ದಲ್ಲ. ನೆಂಟ ಉಣ್ಣಲು ಕೂತಾಗ ಬಡಿಸುವವರು ಪಂಕ್ತಿ ಬಿಟ್ಟು ಹೋಗುವಂತಿಲ್ಲ. ಅದರ ಎಡಬಲಕ್ಕೆ ಎರಡು ಮೇಜು; ಇವರು ಈ ಮೇಜಿನಲ್ಲಿ ತುಂಡು ಜೋಡಿಸಿ ಹಸಿರು ಗುಂಡಿ ಒತ್ತಿದರೆ ಅದು ಅಲ್ಲಿ ಬೆಸೆಯುತ್ತದೆ. ಅಷ್ಟರೊಳಗೆ ಇವರು ಆ ಮೇಜಿನಲ್ಲಿ ಜೋಡಿಸಿರಬೇಕು. ಮನುಷ್ಯ ನೆಂಟನಾದರೆ ಮೂರನೆಯ ಹೋಳಿಗೆಗೆ ಕೈ ಅಡ್ಡ ಹಿಡಿದು ಸಾಕು ಎನ್ನುತ್ತಾನೆ. ಈ ನೆಂಟ ಸಾಕು ಎಂದದ್ದೇ ಇಲ್ಲ.

ಅವತ್ತಿನಿಂದ ನಮ್ಮ ಮನೆಗೆ ಮಾತಿನ ಬರ ಬಂತು. "ಇವತ್ತ ಏನರ ವಿಶೇಷ ರೀ?" ಎಂದು ಕೇಳಿದರೆ, "ಏನಿಲ್ಲ," ಎನ್ನುವರು. "ಪಾವ್ಹಣಾ ಏನಂದ?" ಎಂದರೆ, "ಅದೇನ ಅಂತದ? ಚರ್ರಂತದ," ಎನ್ನುವರು. ಮೊದಮೊದಲು ನಾನು ಆ ಚರ್ರ್ ಅನ್ನೇ ಹಿಡಿದುಕೊಂಡು, ಜೋರಾಗಿ ಅಂತೋ ಮೆತ್ತಗೆ ಅಂತೋ ಎಂದು ವಿಚಾರಿಸುತ್ತಿದ್ದೆ. ಎಂಟು ದಿನಕ್ಕೆ ಅದೂ ಸಪ್ಪೆಯಾಯಿತು. ಅತ್ತೆಯ ಹಲ್ಲು ಏನಾಯಿತು, ಎಮ್ಮೆ ಕರು ಹಾಕಿತೋ ಇಲ್ಲವೋ, ಒಂದೂ ಗೊತ್ತಾಗದೆ ನಾನು ನಡುಗಥೆಯಲ್ಲಿ ನಿಂತಿದ್ದೆ. ಯಂತ್ರ ಬಂದು ಕೆಲಸಗಾರರ ಅನ್ನ ಹೋಯಿತು ಎಂದು ಪೇಪರಿನಲ್ಲಿ ಬರೆಯುತ್ತಾರೆ. ಕೆಲಸಗಾರನ ಹೆಂಡತಿಯ ಸುದ್ದಿ ಹೋಯಿತು ಎಂದು ಯಾರೂ ಬರೆಯುವುದಿಲ್ಲ.

ಒಂದು ಸಮಾಧಾನವಿತ್ತು. ಡಬ್ಬಿ ಪೂರ್ತಿ ಖಾಲಿಯಾಗಿ ಬರುತ್ತಿತ್ತು. ಮೊದಲು ಜೋಳದ ಭಾಕರಿ ಅರ್ಧವಾದರೂ ಉಳಿಸಿ ತರುತ್ತಿದ್ದರು; ಈಗ ಒಂದು ಅಗುಳೂ ಇಲ್ಲ. ಹಾಗಲಕಾಯಿ ಪಲ್ಯವನ್ನಂತೂ ಇವರು ಮದುವೆಯಾದಾಗಿನಿಂದ ಡಬ್ಬಿಯ ಮೂಲೆಗೆ ಸರಿಸಿ ವಾಪಸು ತಂದವರು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನಾನೂ ಹಟಕ್ಕೆ ಬಿದ್ದು ಹಾಕುತ್ತಲೇ ಇದ್ದವಳು. ಈಗ ಅದೂ ಖಾಲಿ. ನಾನು ಉಬ್ಬಿಹೋದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕೊನೆಗೂ ಗೆದ್ದೆ ಎಂದುಕೊಂಡೆ. ಆದರೂ ಮನುಷ್ಯ ಸೊರಗುತ್ತಿದ್ದರು. ಅಂಗಿಯ ಕೊರಳಪಟ್ಟಿ ಸಡಿಲವಾಯಿತು. ಬೆಂಕಿಯ ಮುಂದಿನ ಕೆಲಸ, ಇನ್ನೆರಡು ಹೋಳು ಹಾಗಲಕಾಯಿ ಹೆಚ್ಚಿಗೆ ಹಾಕೋಣ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ದೂರ ಓಡಿತು.

ಈ ದಿನಗಳಲ್ಲೇ ಪಕ್ಕದ ಮನೆಯ ಸುಶೀಲಾಳ ಕಾಟವೂ ಇತ್ತು. ಲಿಂಗನೂರಿನ ಹುಡುಗಿ, ಗಂಡ ಮುಂಬಯಿಯ ರಾತ್ರಿ ಬಸ್ಸಿನ ಚಾಲಕ. ಇವತ್ತು ಹೋದರೆ ನಾಡಿದ್ದು ಬರುವವನು. ನಾನು ಸಂಜೆ ಭಾಕರಿ ಬಡಿಯಲು ಕೂರುವುದೂ ಈಕೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಸರಿಹೋಗುತ್ತಿತ್ತು. "ಅಕ್ಕಾ, ಒಂದೀಟ ಹೆಪ್ಪ ಕೊಡ್ರಿ." ದಿನಾ ಮೊಸರಿನ ಹೆಪ್ಪು! ನಿನ್ನೆ ಒಯ್ದ ಹೆಪ್ಪಿನಲ್ಲಿ ಇವತ್ತು ಮೊಸರಾಗಿರಬೇಕು, ಆ ಮೊಸರಿನಲ್ಲಿ ನಾಳೆಗೆ ಹೆಪ್ಪು ಉಳಿದಿರಬೇಕು. ಹೆಪ್ಪು ಎಂದರೆ ಒಮ್ಮೆ ತಂದರೆ ವರ್ಷಕ್ಕಾಗುವ ಪದಾರ್ಥ. ಅಷ್ಟೂ ತಿಳಿಯದೇನು ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಹೊರಗೆ ಸೂರ್ಯ ಇಳಿಯುತ್ತಿದ್ದಾನೆ, ಇವಳಿಗೆ ಮಾತು. "ಹೂಂ... ಹೌದ? ಅಲ್ಲೇ ಮಾಡದಾಗ ಐತಿ, ತಗೊ," ಎಂದು ಗೋಡೆಯ ಗೂಡಿನತ್ತ ಮೊಣಕೈ ತೋರಿಸಿ, ತಲೆ ಎತ್ತದೆ ಭಾಕರಿ ಬಡಿಯುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು, ಬಟ್ಟಲು ತುಂಬಿಕೊಂಡು ಹೋಗುತ್ತಿದ್ದಳು.

ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬರುತ್ತದೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈಜೋಡಿಸಿ ಕ್ಷಮೆ ಕೇಳುವ ದಿನ. ಪ್ರತಿವರ್ಷ ಇವರು ಒಂದು ಕಾಲನ್ನು ಚಪ್ಪಲಿಯೊಳಗೆ ಇಟ್ಟುಕೊಂಡೇ ಕ್ಷಮೆ ಕೇಳಿ ಮುಗಿಸುವವರು. ಆ ವರ್ಷ ಮಾತ್ರ ಎದುರಿಗೆ ಬಂದು ನಿಂತು, ಕೈಜೋಡಿಸಿ, "ತಪ್ಪಾಗಿದ್ರ ಮನಸಿನ್ಯಾಗ ಇಟ್ಕೋಬ್ಯಾಡ," ಎಂದು ಒಂದು ಗಳಿಗೆ ಹಾಗೆಯೇ ನಿಂತರು. ವಯಸ್ಸಾದಂತೆ ಧರ್ಮಬುದ್ಧಿ ಬಂತು ಎಂದು ಆ ರಾತ್ರಿ ಅದನ್ನೂ ಒಂದು ಉಪಕಾರವೆಂದು ಎಣಿಸಿದೆ. ಆ ದಿನ ನಾಲ್ಕಾದವು.

ಖಂಡೇನವಮಿಗೆ ಕಾರಖಾನೆಯಲ್ಲಿ ಯಂತ್ರಗಳ ಪೂಜೆ. ಮನೆಯ ಹೆಣ್ಣುಮಕ್ಕಳನ್ನೂ ಕರೆಯುತ್ತಾರೆ. ನಾನು ಕಾಯಿ, ಹೂವು, ಕುಂಕುಮ, ಆರತಿ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ರೇಷ್ಮೆ ಸೀರೆ ಉಟ್ಟು ಹೋದೆ. ಸವತಿಯನ್ನು ನೋಡಲು ಹೋಗುವಾಗ ಯಾರಾದರೂ ಮಾಮೂಲಿ ಸೀರೆ ಉಡುತ್ತಾರೆಯೆ? ಒಳಗೆ ನೆಲದ ಮೇಲೆ ದಪ್ಪ ಹಳದಿ ಗೆರೆ, ಅದರಾಚೆ ಪಾವ್ಹಣಾ. ಬಂದ ಹೆಂಗಸರಿಗೆ ತೋರಿಸಲೆಂದೇ ಅದನ್ನು ನಡೆಸುತ್ತಿದ್ದರು. ಇವರು ಹೊಸ ಅಂಗಿ ಹಾಕಿಕೊಂಡು ತುಂಡು ಜೋಡಿಸುತ್ತಿದ್ದರು. ಮುಖ ಅದರ ಕಡೆಗೇ. ಮದುವೆಯಲ್ಲಿ ಅಂತರಪಟ ಸರಿದಾಗಲೂ ನನ್ನನ್ನು ಅಷ್ಟು ನೆಟ್ಟಗೆ ನೋಡಿದವರಲ್ಲ.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು: "ವೈನಿ, ಆರಾಮ ಅದೀರಿ?" ತಿರುಗಿದರೆ ದಸ್ತಗೀರ. ಗಡ್ಡ ಬೆಳ್ಳಗಾಗಿದೆ, ನಗು ಹಾಗೆಯೇ ಇದೆ. ನನಗೋ ಬಾವಿಗೆ ನೀರು ಬಂದಷ್ಟು ಸಂತೋಷ. ಅತ್ತೆಯ ಹಲ್ಲಿನ ವಿಚಾರ ತೆಗೆಯಬೇಕು ಎನ್ನುವಷ್ಟರಲ್ಲಿ ಅವನೇ ಹೇಳಿದ: "ವೈನಿ, ನಿಮ್ಮ ಕೈಯಾನ ಹಾಗಲಕಾಯಿ ಪಲ್ಯಾ ಅಂದ್ರ ಪಲ್ಯಾ ನೋಡ್ರಿ. ನಮ್ಮಾಕಿಗೆ ಹೇಳಿ ಹೇಳಿ ಸಾಕಾತು, ಆ ರುಚಿ ಬರವೊಲ್ದು. ನಾಕ ತಿಂಗಳಾತು, ದಿನಾ ನಿಮ್ಮ ಉಪ್ಪ ಉಣ್ಣಾಕತ್ತೇನಿ."

"ದಿನಾ?" ಎಂದೆ.

"ಮತ್ತ? ಊಟದ ಗಂಟಿ ಹೊಡೀತಂದ್ರ ಡಬ್ಬಿ ತಂದು ನನ್ನ ಮುಂದ ಇಟ್ಟ ಬಿಡತಾನ. 'ನಾ ಆಗಲೇ ಉಂಡೇನಿ, ಇದ ನಿನಗಂತ ಮನ್ಯಾಗಿಂದ ಬಂದದ್ದು' ಅಂತಾನ, ಪಾವ್ಹಣಾ ಕಾಯಾಕತ್ತಾನಂತ ನಿಂದರದ ಓಡತಾನ." ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ಅವನ ನಗು ನಿಂತಿತು. "ಯಾಕ ವೈನಿ? ನೀವು ಎರಡ ಡಬ್ಬಿ ಕಟ್ಟೂದಿಲ್ಲೇನ್ರಿ?"

ನಾನು ಕಟ್ಟುತ್ತಿದ್ದದ್ದು ಒಂದೇ ಡಬ್ಬಿ. ಅಲ್ಲಿಯೇ ನಿಂತಲ್ಲಿ ಎಲ್ಲ ತಿಳಿಯಿತು. ಹೊತ್ತು ಮುಳುಗುವಾಗ ಇವರನ್ನು ಅಟ್ಟುವವರಿಲ್ಲ, ಇವರ ಜಾಗದಲ್ಲಿ ನಿಲ್ಲುವವರಿಲ್ಲ. ನೆಂಟನಿಗೆ ಬಡಿಸುವುದರಲ್ಲೇ ಸೂರ್ಯ ಹೋಗಿಬಿಡುತ್ತಿದ್ದ. ಆಮೇಲೆ ಡಬ್ಬಿ ತೆರೆಯುವಂತಿಲ್ಲ. ತುಂಬಿದ ಡಬ್ಬಿ ಮನೆಗೆ ತಂದರೆ ನಾನು ಅಳುತ್ತೇನೆ. ನಾಲ್ಕು ತಿಂಗಳು ದಿನಾ ಮಧ್ಯಾಹ್ನ ಉಂಡ ಮನುಷ್ಯ ಮರುದಿನ ಬೆಳಗಿನವರೆಗೆ ಹನಿ ನೀರಿಲ್ಲದೆ ಇದ್ದರು. ನಮ್ಮ ಬಸದಿಯ ಓಣಿಯಲ್ಲಿ ಯಾರಾದರೂ ಹತ್ತು ಉಪವಾಸ ಮಾಡಿದರೆ ಬಾಜಾ ಬಾರಿಸಿ ಮೆರವಣಿಗೆ ಮಾಡುತ್ತಾರೆ. ಇವರಿಗೆ ನಾನು ಮಧ್ಯಾಹ್ನ, "ಎಷ್ಟ ಗಬಗಬ ಉಣತೀರಿ, ಯಾರರ ಬೆನ್ನ ಹತ್ಯಾರೇನ?" ಎಂದು ಬೈಯುತ್ತಿದ್ದೆ. ಅದೆಲ್ಲಕ್ಕಿಂತ ಒಂದು ಮಾತು ಎದೆಗೆ ಚುಚ್ಚಿತು. ನಾಲ್ಕು ತಿಂಗಳು ದಿನಾ ಮೂರನೆಯ ಬೆರಳು ಮಡಚಿ, ಇಬ್ಬರೂ ಒಂದೇ ಹೊತ್ತಿಗೆ ಉಂಡೆವು ಎಂದಿದ್ದೆನಲ್ಲ, ಆ ಅಷ್ಟೂ ದಿನ ನಾನು ಒಬ್ಬಳೇ ಉಂಡಿದ್ದೆ.

ಕಣ್ಣು ತುಂಬಿ ದಾರಿ ಕಾಣಲಿಲ್ಲ. ತಟ್ಟೆ ಹಿಡಿದು ನೇರ ಇವರ ಕಡೆಗೆ ನಡೆದುಬಿಟ್ಟೆ. ಹಳದಿ ಗೆರೆ ದಾಟಿದ್ದು ಗೊತ್ತೇ ಆಗಲಿಲ್ಲ. ಕರ್ರ್ ಎಂದು ಸೈರನ್ ಹೊಡೆಯಿತು, ಕೆಂಪು ದೀಪ ತಿರುಗತೊಡಗಿತು, ಆ ಹಳದಿ ಕೈ ಎತ್ತಿದ್ದು ಎತ್ತಿದ ಹಾಗೆಯೇ ನನ್ನಿಂದ ಎರಡು ಮಾರು ದೂರದಲ್ಲಿ ನಿಂತುಬಿಟ್ಟಿತು. "ಅಹೋ ಮಾವಶಿ! ಬಾಹೇರ ಯಾ, ಬಾಹೇರ!" ಎಂದು ಮರಾಠಿಯಲ್ಲಿ ಕೂಗುತ್ತ ಇಂಜಿನಿಯರ್ ಸಾಹೇಬರು ಓಡಿ ಬಂದು ನನ್ನನ್ನು ಗೆರೆಯ ಹೊರಗೆ ಕರೆದುಕೊಂಡರು. ಅಷ್ಟೂ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಮ್ಮವರು ನೆಲ ನೋಡುತ್ತಿದ್ದರು.

"ಏನೂ ಕೆಟ್ಟಿಲ್ಲ, ಹೆದರಬೇಡಿ," ಎಂದು ಸಾಹೇಬರೇ ಸಮಾಧಾನ ಹೇಳಿದರು. "ಗೆರೆಯ ಹತ್ತಿರ ಅದಕ್ಕೆ ಕಣ್ಣು ಇದೆ. ಮನುಷ್ಯರು ಹತ್ತಿರ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತದೆ."

ಅಷ್ಟು ಹೊತ್ತಿಗೆ ನನ್ನ ನಾಚಿಕೆಯೆಲ್ಲ ಮುಗಿದಿತ್ತು. ಮುಗಿದ ಮೇಲೆ ಹೆಂಗಸಿಗೆ ಬರುವ ಧೈರ್ಯ ನಿಮಗೆ ಗೊತ್ತಿದೆ. "ಹಂಗಾದ್ರ ಸಾಹೇಬರ, ದಿನಾ ಹೊತ್ತ ಮುಣಗೂ ಮುಂದ ಒಂದ ಹದಿನೈದ ಮಿನಿಟ ಇದನ್ನ ಹೀಂಗ ನಿಲ್ಲಸ್ರಿ. ನಮ್ಮ ಮನಿಯವರು ಉಣಬೇಕು. ನಾಕ ತಿಂಗಳಾತು, ಉಂಡಿಲ್ಲ."

ಸಾಹೇಬರು ಇವರ ಕಡೆ ತಿರುಗಿದರು. "ನನಗ್ಯಾಕೆ ಹೇಳಲಿಲ್ಲ?" ಇವರು ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟು, "ಕೇಳಿದ್ರ ನನ್ನೂ ಪ್ಯಾಕಿಂಗಿಗೆ ಹಾಕತೀರಿ ಅಂತ..." ಎಂದರು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಆ ಮಾತು ಎಲ್ಲರಿಗೂ ಕೇಳಿಸಿತು. ಸಾಹೇಬರು ಒಳ್ಳೆಯವರು, ಹಣೆ ಒರೆಸಿಕೊಂಡು, ಯಂತ್ರ ನಿಲ್ಲಿಸುವುದಾಗದು, ಕೆಲಸ ಬಲ್ಲವನೊಬ್ಬ ಆ ಹೊತ್ತಿಗೆ ಇವರ ಜಾಗದಲ್ಲಿ ನಿಂತರೆ ತನ್ನದೇನೂ ಅಡ್ಡಿಯಿಲ್ಲ ಎಂದರು. ಅವರ ಮಾತು ಮುಗಿಯುವ ಮೊದಲೇ ದಸ್ತಗೀರ ಮುಂದೆ ಬಂದ. "ನಾ ಅದೀನಲ್ರಿ ಸಾಹೇಬರ. ಅಲ್ಲಿ ಬೆಸಿಗಿ ಹಾಕೂದು ಯಾರ ಕೈ? ನನ್ನ ಕೈ. ನನ್ನ ಕೈಗೆ ನಾ ತುತ್ತ ಕೊಟ್ರ ಯಾರದೇನ ಹೋಗತದ?" ಆಮೇಲೆ ಇವರ ಕಡೆ ತಿರುಗಿ, "ಏ ಸುಳ್ಳಬುರಕಾ, ನಾಕ ತಿಂಗಳ ನನ್ನ ಕಡಿಂದ ಪಾಪಾ ಮಾಡಿಸಿದೆಲ್ಲೋ! ಮತ್ತ ಆ ಹಾಗಲಕಾಯಿ ನಾಳಿಂದ ನೀನ ತಿನಬೇಕು, ತಿಳೀತ?" ಎಂದ. ನಾನು ಆ ಹಳದಿ ಕೈಗೆ ಕುಂಕುಮ ಹಚ್ಚಿದೆ. ಬಹಳ ದಿನಗಳಿಂದ ಅದಕ್ಕೆ ಶಾಪ ಹಾಕುತ್ತಿದ್ದವಳು ದಸ್ತಗೀರನ ಕೈ ಎಂದುಕೊಂಡೇ ಹಚ್ಚಿದೆ.

ಅಲ್ಲಿಂದ ಈಚೆಗೆ ಡಬ್ಬಿ ಮತ್ತೆ ಅರ್ಧ ಭಾಕರಿ ಉಳಿಸಿಕೊಂಡು ಬರುತ್ತದೆ. ಹಾಗಲಕಾಯಿ ಮೂಲೆಗೆ ಸರಿದಿರುತ್ತದೆ. ಅದನ್ನು ನೋಡಿದರೆ ಜೀವ ತಂಪಾಗುತ್ತದೆ. ಮಾತಿನ ಬರ ಮಾತ್ರ ಪೂರ್ತಿ ಹಿಂಗಿಲ್ಲ. ಇವರು ಉಣ್ಣುವಾಗ ಅವನು ಯಂತ್ರದ ಮುಂದೆ, ಅವನು ಹೊರಟಾಗ ಇವರು ಯಂತ್ರದ ಮುಂದೆ. ಜಾಗ ಬದಲಿಸುವಾಗ ಒಂದು ಮಾತಿಗಷ್ಟೇ ಪುರಸೊತ್ತು. ಆ ಒಂದು ಮಾತನ್ನು ಇವರು ಮನೆಗೆ ತರುತ್ತಾರೆ. "ಅತ್ತಿ ಮತ್ತ ಕಬ್ಬ ಕೇಳ್ಯಾಳಂತ." ಅಷ್ಟೇ. ಕೊಟ್ಟರೋ ಇಲ್ಲವೋ ತಿಳಿಯಲು ಮರುದಿನದವರೆಗೆ ಕಾಯಬೇಕು. ದಿನಕ್ಕೊಂದು ಮಾತು, ದೇವರು ಕೊಟ್ಟಷ್ಟು.

ಆದರೆ ಸಾಹೇಬರ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮನುಷ್ಯರು ಹತ್ತಿರ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುವುದು! ಮನೆಯಲ್ಲಿ ಇಂಥದ್ದು ಯಾರಿಗಾದರೂ ಇದೆಯೇ ಎಂದು ಒಂದು ಬೆಳಿಗ್ಗೆ ಪೇಪರು ಓದುತ್ತಿದ್ದ ಇವರ ಹತ್ತಿರ ಹೋಗಿ ಸುಮ್ಮನೆ ನಿಂತೆ. ಇವರು ಪೇಪರು ಇಳಿಸದೆ, "ಬೆಳಕಿಗಿ ಅಡ್ಡ ನಿಂತೀ, ಸರಿ," ಎಂದರು. ಗಂಡಸರಿಗೆ ಆ ಕಣ್ಣು ಕೂರಿಸುವುದನ್ನು ದೇವರು ಮರೆತಿದ್ದಾನೆ ಎಂದುಕೊಂಡು ಒಳಗೆ ಹೋದೆ.

ಅದೇ ದಿನ ಸಂಜೆ ಭಾಕರಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಸುಶೀಲಾ. "ಅಕ್ಕಾ, ಒಂದೀಟ ಹೆಪ್ಪ..." "ಹೂಂ, ಅಲ್ಲೇ ಮಾಡದಾಗ ಐತಿ," ಎಂದೆ. ಕೈ ತನ್ನಷ್ಟಕ್ಕೆ ಬಡಿಯುತ್ತಲೇ ಇತ್ತು. ಟಪ್ ಟಪ್ ಟಪ್. ಆಗ ನನ್ನ ಕೈ ನನಗೇ ಕೇಳಿಸಿತು. ದಿನಾ ಹೆಪ್ಪು ಯಾರಿಗೆ ಬೇಕಾಗುತ್ತದೆ? ಒಬ್ಬಳೇ ಇರುವ ಮನೆಯಲ್ಲಿ ಅಷ್ಟು ಮೊಸರು ಯಾರು ತಿನ್ನುತ್ತಾರೆ? ಮಾತಿಗೆ ನಾನು ಕುಪವಾಡದವರೆಗೆ ಕಿವಿ ಚಾಚಿ ಕೂತಿದ್ದೆ. ಇವಳು ಖಾಲಿ ಬಟ್ಟಲು ಹಿಡಿದು ನಮ್ಮ ಹೊಸ್ತಿಲಿಗೆ ಬರುತ್ತಿದ್ದಳು. ನಾನು ಒಂದು ದಿನವೂ ಕೈ ನಿಲ್ಲಿಸಿರಲಿಲ್ಲ.

ಹಿಟ್ಟಿನ ಕೈ ಝಾಡಿಸಿ ಎದ್ದೆ. "ಬಾ, ಒಳಗ ಬಾ, ಕುಂದ್ರು," ಎಂದೆ. ಅವಳು ಹೆದರಿದಳು. "ಯಾಕ್ರಿ ಅಕ್ಕಾ, ಹೆಪ್ಪ ಮುಗದೈತೇನ್ರಿ?" ಅವಳನ್ನು ಮಣೆಯ ಮೇಲೆ ಕೂರಿಸಿ, ನನಗೆಂದು ಬಡಿದಿದ್ದ ಎರಡು ಭಾಕರಿ, ಹಾಗಲಕಾಯಿ ಪಲ್ಯ, ಶೇಂಗಾ ಚಟ್ನಿ ಅವಳ ಮುಂದಿಟ್ಟೆ. ನನಗೆ ಇನ್ನೊಂದು ಬಡಿದುಕೊಂಡರಾಯಿತು ಎಂದುಕೊಂಡೆ. ಅವಳು ಒಂದು ತುತ್ತು ಮುರಿದಳು, ಮಾತು ಶುರು ಮಾಡಿದಳು. ಲಿಂಗನೂರಿನ ಬಾವಿ, ತಮ್ಮನ ಲಗ್ನ, ಬಸ್ಸಿನಲ್ಲಿ ಒಬ್ಬಳು ಅಜ್ಜಿ ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದಕ್ಕೂ ಒಂದು ಸೀಟು ಕೇಳಿದ್ದು. ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಂಡೆ. ಎಷ್ಟು ದಿನವಾಗಿತ್ತು! ಕಣ್ಣು ಒರೆಸಿ ಕಿಟಕಿಯ ಕಡೆ ನೋಡಿದರೆ ಸೂರ್ಯ ಚಪ್ಪಲಿ ಹಾಕಿಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಹಿಟ್ಟು ಪರಾತದಲ್ಲಿ ಒಣಗಿತ್ತು.

ಮರುದಿನ ಬೆಳಿಗ್ಗೆ ಇವರು ಅಡುಗೆಮನೆಗೆ ಇಣುಕಿದರು. ಖಾಲಿ ಭಾಕರಿ ಬುಟ್ಟಿ ನೋಡಿದರು, ಹಾಗಲಕಾಯಿಯ ಖಾಲಿ ಬೋಗುಣಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿನ್ನಿ ಸಂಜೀಕ ಉಂಡೀ?" ಎಂದು ಕೇಳಿದರು.

"ಉಂಡೇನ್ರಿ," ಎಂದೆ.

ಅವರು ಪೇಪರು ತೆಗೆದುಕೊಂಡು ಹೊರಗೆ ಹೋದರು. ಮುಂದಿನ ಕ್ಷಮಾವಾಣಿಗೆ ಇನ್ನೂ ಹತ್ತು ತಿಂಗಳ ಮೇಲಿದೆ. ಈ ಸಲ ಎದುರಿಗೆ ನಿಂತು, ಕೈಜೋಡಿಸಿ, ಒಂದು ಗಳಿಗೆ ಹೆಚ್ಚಿಗೆ ನಿಲ್ಲಬೇಕಾದವಳು ನಾನು.